ಮೈಸೂರಿನಲ್ಲಿ ಒಂದು ದಿನ ಸುಮ್ಮನೆ ಅಲೆಯುವುದು ಹೇಗೆ

ಮಂಡ್ಯದ ಕಡೆಯ ನಮಗೆ ಮೈಸೂರು ಅಂದರೆ ಕೆಲಸ ಬಿದ್ದಾಗ ಹೋಗುವ ಊರು. ಆಸ್ಪತ್ರೆ, ಮದುವೆ ಜವಳಿ, ಮಗಳ ಕಾಲೇಜು, ಯಾರದೋ ಗೃಹಪ್ರವೇಶ. ಕೆಲಸ ಮುಗಿಯಿತೋ, ಬಸ್ಸು ಹತ್ತಿದೆವು. ಇಲ್ಲವೇ ಬೆಂಗಳೂರಿನ ನೆಂಟರು ಬಂದಾಗ ಕಾರು ಮಾಡಿಕೊಂಡು ಅರಮನೆ, ಝೂ, ಬೆಟ್ಟ, ಕೆಆರ್‌ಎಸ್ಸು ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿ, ರಾತ್ರಿ ಮನೆಗೆ ಬಂದು ಕಾಲಿಗೆ ಬಿಸಿನೀರು ಹುಯ್ದುಕೊಳ್ಳುವುದು. ನಾನೂ ಇಪ್ಪತ್ತು ವರ್ಷ ಹೀಗೇ ಹೋಗಿಬಂದವನು. ಒಂದು ದಿನ ನೋಡಬೇಕಿದ್ದ ಸಾಹೇಬರು ರಜೆಯಲ್ಲಿದ್ದರು. ಕೆಲಸ ಹತ್ತು ನಿಮಿಷಕ್ಕೇ ಕೆಟ್ಟಿತು, ಜೊತೆಗೆ ಬಂದಿದ್ದ ಭಾವಮೈದ ಸಂಜೆವರೆಗೆ ಹೊರಡುವಂತಿರಲಿಲ್ಲ. ಅವತ್ತು ಬೇರೆ ದಾರಿಯಿಲ್ಲದೆ ಊರು ಸುತ್ತಿದೆ. ಈಗ ವರ್ಷಕ್ಕೆ ಎರಡು ಮೂರು ಸಲ ಬೇಕಂತಲೇ ಹಾಗೆ ಹೋಗುತ್ತೇನೆ.

"ಅಲೆಯೋದಕ್ಕೂ ಪಾಠ ಬೇಕಾ?" ಅಂತ ಮನೆಯಲ್ಲಿ ನಗುತ್ತಾರೆ. ಬೇಕು. ಏನೂ ಗೊತ್ತುಮಾಡಿಕೊಳ್ಳದೆ ಹೋದ ಎರಡನೇ ಸಲ ನಾನು ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಸಬರ್ಬನ್ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೊಬೈಲು ಉಜ್ಜುತ್ತಾ ಕೂತಿದ್ದೆ. ಅದನ್ನು ಮಂಡ್ಯದ ನಿಲ್ದಾಣದಲ್ಲೇ ಮಾಡಬಹುದಿತ್ತು.

ಮೊದಲು ಗೂಟ ಹೊಡೆಯಿರಿ

ದನವನ್ನು ಬಯಲಲ್ಲಿ ಮೇಯಲು ಬಿಡುವವರು ಒಂದು ಗೂಟ ಹೊಡೆದು ಉದ್ದ ಹಗ್ಗ ಕಟ್ಟುತ್ತಾರಲ್ಲ, ನಿಮ್ಮ ದಿನಕ್ಕೂ ಅಷ್ಟೇ ಬೇಕಾಗಿರುವುದು. ಎರಡು ಗೂಟ ಸಾಕು: ವಾಪಸ್ಸು ಯಾವ ರೈಲು ಅಥವಾ ಬಸ್ಸಿಗೆ ಎಂಬುದೊಂದು, ಇಡೀ ದಿನದಲ್ಲಿ ನೋಡಲೇಬೇಕಾದ ಒಂದೇ ಒಂದು ಜಾಗ ಇನ್ನೊಂದು. ಆ ಎರಡನೆಯದನ್ನು ಎಷ್ಟು ಹೊತ್ತಿಗೆ ನೋಡುತ್ತೀರಿ ಎಂದು ಮಾತ್ರ ನಿಗದಿ ಮಾಡಬೇಡಿ. ಮೂರನೇ ಗೂಟ ಹೊಡೆದರೆ ಹಗ್ಗ ಸುತ್ತಿಕೊಂಡು ನಿಂತಲ್ಲೇ ನಿಲ್ಲುತ್ತೀರಿ.

ಜೊತೆಗೆ ಯಾರು? ಒಬ್ಬರೇ ಹೋದರೆ ಅತ್ಯುತ್ತಮ. ಇಬ್ಬರಾದರೆ ಇಬ್ಬರೂ ಒಂದೇ ವೇಗದಲ್ಲಿ ನಡೆಯುವವರಾಗಿರಲಿ. ನಾಲ್ಕು ಜನವಾದರೆ ಅದು ಪ್ರವಾಸ, ಅದಕ್ಕೆ ಬೇರೆ ಲೇಖನ ಓದಿ.

ಯಾವ ದಿನ

ವಾರದ ನಡುವಿನ ದಿನ ಊರು ತನ್ನ ಪಾಡಿಗೆ ತಾನಿರುತ್ತದೆ. ಮಂಗಳವಾರ ಮೃಗಾಲಯಕ್ಕೆ ರಜೆ, ಹಾಗಾಗಿ ಪ್ರವಾಸದ ಬಸ್ಸುಗಳ ಗದ್ದಲ ಸ್ವಲ್ಪ ಕಡಿಮೆ. ನಮ್ಮಂಥ ಅಲೆಮಾರಿಗಳಿಗೆ ಅದೇ ಅನುಕೂಲ. ಅರಮನೆಯ ದೀಪ ನೋಡುವ ಆಸೆಯಿದ್ದರೆ ಮಾತ್ರ ಭಾನುವಾರವೋ ಸರ್ಕಾರಿ ರಜಾದಿನವೋ ಆಗಬೇಕು. ದಸರಾ ಹತ್ತು ದಿನ ಈ ಲೇಖನವನ್ನು ಮಡಚಿಡಿ, ಆಗ ಊರಲ್ಲಿ ಜನ ಹೋದತ್ತ ನೀವು ಹೋಗುತ್ತೀರಿ, ಅಷ್ಟೇ. ಆಷಾಢದ ಶುಕ್ರವಾರ ಬೆಟ್ಟದ ಕಡೆ ತಲೆ ಹಾಕಬೇಡಿ, ದರ್ಶನಕ್ಕೇ ಹೋಗುವವರ ಮಾತು ಬೇರೆ.

ಚೀಲದಲ್ಲಿ ಏನಿರಬೇಕು

ಒಂದು ಬಟ್ಟೆ ಚೀಲ, ನೀರಿನ ಬಾಟಲಿ, ಮಳೆಗಾಲವಾದರೆ ಕೊಡೆ. ಕಾಲಿಗೆ ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ, ಏಕೆಂದರೆ ಅರಮನೆಯಲ್ಲೂ ದೇವಸ್ಥಾನದಲ್ಲೂ ಹೊರಗೆ ಬಿಡಬೇಕು. ಲೇಸು ಕಟ್ಟುವ ಶೂ ಹಾಕಿಕೊಂಡು ಹೋಗಿ ದಿನಕ್ಕೆ ಆರು ಸಲ ಬಗ್ಗಿ ಎದ್ದಿದ್ದೇನೆ, ಸಾಕಾಯಿತು. ಫೋನಿನಲ್ಲಿ ದುಡ್ಡು ಕೊಡುವುದು ಎಲ್ಲ ಕಡೆ ನಡೆಯುತ್ತದೆ, ಆದರೂ ಹತ್ತು ಇಪ್ಪತ್ತರ ನೋಟು ಒಂದಷ್ಟಿರಲಿ. ಹೆಂಗಸರು ಆಧಾರ್ ಮರೆಯಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಿಟಿ ಬಸ್ಸೂ ಉಚಿತವಾದ್ದರಿಂದ, ಗುರಿಯಿಲ್ಲದೆ ಸುತ್ತುವ ವಿಷಯದಲ್ಲಿ ನೀವು ನಮಗಿಂತ ಒಂದು ಹೆಜ್ಜೆ ಮುಂದಿದ್ದೀರಿ.

ದಿಕ್ಕು ಹಿಡಿಯುವ ಉಪಾಯ

ಮ್ಯಾಪು ತೆಗೆಯದೆ ಅಲೆಯಬೇಕಾದರೆ ಇದೊಂದನ್ನು ನೆನಪಿಡಿ. ಚಾಮುಂಡಿ ಬೆಟ್ಟ ಊರಿನ ಆಗ್ನೇಯಕ್ಕಿದೆ, ರೈಲು ನಿಲ್ದಾಣ ಅರಮನೆಯಿಂದ ವಾಯವ್ಯಕ್ಕೆ. ಅರಮನೆಯ ಸುತ್ತಮುತ್ತ ಎಲ್ಲೇ ದಾರಿ ತಪ್ಪಿದರೂ ಒಂದು ಅಗಲವಾದ ರಸ್ತೆಗೆ ಬಂದು ಬೆಟ್ಟ ಎಲ್ಲಿ ಕಾಣುತ್ತದೆ ನೋಡಿ. ಬೆಟ್ಟಕ್ಕೆ ಬೆನ್ನು ಹಾಕಿ ನಡೆದರೆ ಹೆಚ್ಚುಕಡಿಮೆ ನಿಲ್ದಾಣದ ಕಡೆಗೇ ಹೋಗುತ್ತೀರಿ. ಬೆಟ್ಟ ಕಾಣದಿದ್ದರೆ ಯಾರನ್ನಾದರೂ ಕೇಳಿ, ಮೈಸೂರಿನವರು ಕೈ ತೋರಿಸಿ ಬಿಟ್ಟುಬಿಡುವುದಿಲ್ಲ. "ಹಿಂಗೇ ಹೋಗಿ ಸಾರ್, ಸರ್ಕಲ್ಲಲ್ಲಿ ಎಡಕ್ಕೆ, ಅಲ್ಲೊಂದು ಅರಳಿಮರ" ಅಂತ ಶುರುಮಾಡಿ ನಾಲ್ಕು ಹೆಜ್ಜೆ ಜೊತೆಗೇ ಬರುತ್ತಾರೆ.

ಬೆಳಿಗ್ಗೆ: ರೈಲಿನಲ್ಲೇ ಬನ್ನಿ

ಮಂಡ್ಯದಿಂದ ಮೈಸೂರಿಗೆ ಬಸ್ಸು ಬೇಕಾದಷ್ಟಿವೆ, ಆದರೂ ರೈಲು ಹಿಡಿಯಿರಿ. ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ. ಮೊದಲ ಸೇತುವೆ ಬಂದಾಗ ತೂಕಡಿಸುತ್ತಿದ್ದವರೂ ಕಿಟಕಿ ಕಡೆ ತಿರುಗಿ ನೀರು ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ಗದ್ದೆ ಇರುವ ಜಿಲ್ಲೆಯವರ ಚಟ ಅದು.

ಮೈಸೂರಲ್ಲಿ ಇಳಿದು ಹೊರಗೆ ಬಂದರೆ ಆಟೋದವರು ಮುತ್ತಿಕೊಳ್ಳುತ್ತಾರೆ. ನಯವಾಗಿ ಬೇಡವೆಂದು ಹೇಳಿ ನಡೆಯಿರಿ. ಮೊದಲ ಒಂದು ಗಂಟೆ ಯಾವ ವಾಹನವನ್ನೂ ಹತ್ತಬಾರದು ಎಂಬುದು ನಾನು ಹಾಕಿಕೊಂಡ ನಿಯಮ. ಧನ್ವಂತರಿ ರಸ್ತೆ ಹಿಡಿದು ನೇರ ಹೋದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಸಯ್ಯಾಜಿರಾವ್ ರಸ್ತೆ, ಅಲ್ಲಿ ಬಲಕ್ಕೆ ತಿರುಗಿದರೆ ದೇವರಾಜ ಮಾರುಕಟ್ಟೆ.

ಬೆಳಕು ಹರಿಯುವ ಮುಂಚೆಯೇ ಬಂದಿಳಿಯುವವರಾದರೆ ಮೊದಲು ಕುಕ್ಕರಹಳ್ಳಿ ಕೆರೆಗೆ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಪಕ್ಕದ ಮಾನಸಗಂಗೋತ್ರಿಗೆ ಆ ಹೆಸರಿಟ್ಟ ಕುವೆಂಪು ಈ ಏರಿಯ ಮೇಲೆ ನಡೆಯುತ್ತಿದ್ದರು. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ಒಮ್ಮೆ ನೋಡಿ. ಅಷ್ಟು ದಪ್ಪ ಹಕ್ಕಿ, ಎರಡೂ ಕಾಲು ಮುಂದಕ್ಕೆ ಚಾಚಿ, ಬ್ರೇಕ್ ಹಿಡಿದ ಹಾಗೆ ನೀರನ್ನು ಸೀಳಿಕೊಂಡು ನಿಲ್ಲುತ್ತದೆ.

ತಿಂಡಿ

ಮೈಸೂರಿಗೆ ಬಂದವರೆಲ್ಲ ನಜರ್‌ಬಾದಿನ ಮೈಲಾರಿ ದೋಸೆ ಅನ್ನುತ್ತಾರೆ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಗರಿಗರಿ ದೋಸೆಯ ಅಭ್ಯಾಸದವರಿಗೆ ಅದು ಮೆತ್ತಗಿರುವುದು ನೋಡಿ ಆಶ್ಚರ್ಯವಾಗುತ್ತದೆ. ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು, ಮೇಲೆ ಬೆಣ್ಣೆ, ಪಕ್ಕಕ್ಕೆ ಕಾಯಿಚಟ್ನಿ. ಆದರೆ ರಜಾದಿನ ಒಂಬತ್ತರ ಮೇಲೆ ಹೋದರೆ ನಿಮ್ಮ ಅರ್ಧ ಬೆಳಗು ಬಾಗಿಲಲ್ಲೇ ಕಳೆಯುತ್ತದೆ. ಒಂದು ದೋಸೆಗೆ ಅಷ್ಟು ಕಾಯುವುದು ಅಲೆಮಾರಿಯ ಲಕ್ಷಣವಲ್ಲ.

ಗೊತ್ತಿಲ್ಲದ ಬೀದಿಯಲ್ಲಿ ಹೋಟೆಲು ಆರಿಸುವುದು ಹೇಗೆಂದರೆ, ಬೋರ್ಡು ನೋಡಬೇಡಿ, ಹೊರಗೆ ನಿಂತ ಗಾಡಿಗಳನ್ನು ನೋಡಿ. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು, ಪೇಪರಿನವನ ಸೈಕಲ್ಲು, ಎರಡು ಆಟೋ ನಿಂತಿದ್ದರೆ ಒಳಗೆ ಹೋಗಿ. ದಿನಾ ಅದೇ ಬೀದಿಯಲ್ಲಿ ಉಣ್ಣುವವರು ಕೆಟ್ಟ ಇಡ್ಲಿಗೆ ಎರಡನೇ ಸಲ ಬರುವುದಿಲ್ಲ. ಏನಿದೆ ಎಂದು ಮಾಣಿಯನ್ನು ಕೇಳುವ ಬದಲು ಪಕ್ಕದ ಟೇಬಲ್ಲಿನಲ್ಲಿ ಏನು ಹೆಚ್ಚು ಹೋಗುತ್ತಿದೆ ಎಂದು ಗಮನಿಸಿ. ಕಾಫಿಯನ್ನು ಅಲ್ಲಿ ಕುಡಿಯಬೇಡಿ, ಇನ್ನೊಂದು ಕಡೆಗೆ ಉಳಿಸಿಕೊಳ್ಳಿ. ಮುಂದಿನ ಅರ್ಧ ಗಂಟೆ ನಡೆಯಲು ಅದೊಂದು ನೆಪ.

ದೇವರಾಜ ಮಾರುಕಟ್ಟೆ: ಇಲ್ಲಿ ಅವಸರ ಮಾಡಬೇಡಿ

ಇಡೀ ದಿನದಲ್ಲಿ ಒಂದೇ ಕಡೆ ಹೊತ್ತು ಕಳೆಯಿರಿ ಅಂದರೆ ನಾನು ಇಲ್ಲಿಗೇ ಬರುತ್ತೇನೆ. ಕಟ್ಟಡಕ್ಕೆ ವಯಸ್ಸಾಗಿದೆ, 2016ರಲ್ಲಿ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ ಇದ್ದದ್ದನ್ನೇ ಗಟ್ಟಿಮಾಡಬೇಕೋ ಎಂಬ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ನೀವು ಹೋಗುವುದಿದ್ದರೆ ಬೇಗ ಹೋಗಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಒಳಗೆ ಹೋದ ಮೇಲೆ ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ತರಕಾರಿ ಸಾಲು, ಬಾಳೆಹಣ್ಣಿನ ಸಾಲು, ಗೋಪುರದ ಹಾಗೆ ಪೇರಿಸಿದ ಕುಂಕುಮ ಮತ್ತು ರಂಗೋಲಿ ಬಣ್ಣ, ವೀಳ್ಯದೆಲೆಯ ಕಟ್ಟುಗಳು. ನಂಜನಗೂಡು ರಸಬಾಳೆ ಇದೆಯೇ ಎಂದು ಕೇಳಿ ನೋಡಿ. ಪನಾಮಾ ರೋಗ ಬಡಿದು ಬೆಳೆಯುವವರೇ ಕಡಿಮೆಯಾಗಿದ್ದಾರೆ, ಹಾಗಾಗಿ "ಇದೇ ರಸಬಾಳೆ ಸಾರ್" ಅಂತ ಬೇರೆ ಬಾಳೆ ಕೈಗೆ ಬರುವುದೂ ಉಂಟು.

ಹೂವಿನ ಸಾಲಿನಲ್ಲಿ ನಿಂತುಬಿಡಿ. ಮಲ್ಲಿಗೆ ಕಟ್ಟುವವರ ಕೈ ನೋಡಬೇಕು: ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ದಾರ ಬೆರಳಿನ ಸುತ್ತ ಒಂದು ಸುತ್ತು, ಎಳೆತ, ಮುಗಿಯಿತು. ಕಣ್ಣು ಗಿರಾಕಿಯ ಮೇಲೆ, ಬಾಯಿ ಪಕ್ಕದ ಅಂಗಡಿಯವರ ಜೊತೆ ಜಗಳದಲ್ಲಿ, ಕೈ ಮಾತ್ರ ತನ್ನ ಕೆಲಸದಲ್ಲಿ. ಕಳೆದ ಸಲ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ಹೂವಿನಾಕೆ ತಲೆ ಎತ್ತಿದರು.

"ಯಾಕಣ್ಣ ಸುಮ್ನೆ ನಿಂತ್ಕಂಡೆ, ಒಂದು ಮಾರು ತಗೊ."

"ಸಂಜೆ ಹೋಗ್ವಾಗ ತಗೋತೀನಿ ಅಕ್ಕ. ನನ್ನ ಕೈಯಲ್ಲಿ ಅಳೆದು ಕೊಡ್ತೀರಾ?"

ಮಾರು ಅಂದರೆ ಎರಡೂ ತೋಳು ಚಾಚಿದಷ್ಟು ಉದ್ದ. ಆಕೆ ನನ್ನ ಆರಡಿ ಎತ್ತರವನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕೈಲಿ ಅಳೆದ್ರೆ ನನ್ನ ಮನೆ ಮಕ್ಳು ಉಪವಾಸ ಮಲಗ್ಬೇಕು" ಅಂದರು. ಸಾಲಿಗೆ ಸಾಲೇ ನಕ್ಕಿತು.

ಮಾರುಕಟ್ಟೆಯಲ್ಲಿ ಒಂದು ಎಚ್ಚರಿಕೆ. ಕ್ಯಾಮೆರಾ ಹಿಡಿದು ಓಡಾಡಿದರೆ ಅತ್ತರು, ಗಂಧದೆಣ್ಣೆ ಎಂದು ಕೈ ಹಿಡಿದು ಮುಂಗೈಗೆ ಹಚ್ಚುವವರು ಬರುತ್ತಾರೆ. ಕೊಳ್ಳುವುದಿಲ್ಲವಾದರೆ ಮೊದಲೇ ಹೇಳಿ. ಆಟೋದವರ "ಇಲ್ಲೇ ಹತ್ತಿರ ಒಂದು ಫ್ಯಾಕ್ಟರಿ ಇದೆ ಸಾರ್, ಸುಮ್ನೆ ನೋಡ್ಕಂಡು ಬರೋಣ" ಎಂಬ ಮಾತಿಗೂ ಇದೇ ಮದ್ದು. ನಾನು ಒಮ್ಮೆ ಹೂಂ ಅಂದೆ. ಕರೆದುಕೊಂಡು ಹೋದದ್ದು ಯಾವುದೋ ಗಲ್ಲಿಯ ಒಂದು ಅಂಗಡಿಗೆ. ಒಂದು ಗಂಟೆಯೂ ಹೋಯಿತು, ಮನೆಯಲ್ಲಿ ಯಾರೂ ಹಚ್ಚದ ಊದುಬತ್ತಿಗೆ ನಾನೂರು ರೂಪಾಯಿಯೂ ಹೋಯಿತು. ಗುರಿಯಿಲ್ಲದವನು ಇನ್ನೊಬ್ಬರ ಗುರಿಗೆ ಬಹಳ ಬೇಗ ಸಿಗುತ್ತಾನೆ. ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲದಾಗ ಆಟೋ ಹತ್ತಬೇಡಿ. ಗೊತ್ತಾದ ಮೇಲೆ ಮೀಟರು ಹಾಕಿಸಿ ಹತ್ತಿ.

ಎರಡು ಗಡಿಯಾರಗಳ ನಡುವೆ

ಮಾರುಕಟ್ಟೆಯ ದಕ್ಷಿಣಕ್ಕೆ ಬಂದರೆ ಚಿಕ್ಕ ಗಡಿಯಾರ. ಅಲ್ಲಿಂದ ಲ್ಯಾನ್ಸ್‌ಡೌನ್ ಕಟ್ಟಡದ ಪಕ್ಕದಲ್ಲಿ ಹೋಗುವಾಗ ನನಗೆ ಹೊಟ್ಟೆ ಉರಿಯುತ್ತದೆ. ಹಳೇ ಪುಸ್ತಕದ ಅಂಗಡಿಗಳಿದ್ದ ಜಾಗ ಅದು, ಪಿಯುಸಿಯಲ್ಲಿ ಅರ್ಧ ಬೆಲೆಗೆ ಗೈಡುಗಳನ್ನು ಅಲ್ಲೇ ತಂದಿದ್ದೆ. 2012ರಲ್ಲಿ ಒಂದು ಭಾಗ ಬಿದ್ದು ನಾಲ್ವರು ಸತ್ತರು, ಆಮೇಲೆ ಅಂಗಡಿಗಳು ಹೋದವು.

ಕೆ.ಆರ್. ಸರ್ಕಲ್ ದಾಟಿ ಚಾಮರಾಜ ಸರ್ಕಲ್ ಕಡೆ ನಡೆದರೆ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿಗೆ 1927ರಲ್ಲಿ ಎದ್ದದ್ದು. ಕತ್ತೆತ್ತಿ ನೋಡಿ, ಅಂಕಿಗಳು ಕನ್ನಡದಲ್ಲಿವೆ. ನಿಮ್ಮ ಜೊತೆ ಮಕ್ಕಳಿದ್ದರೆ ಗಂಟೆ ಎಷ್ಟೆಂದು ಓದಿಸಿ. ೬ ಮತ್ತು ೯ಕ್ಕೆ ತಡವರಿಸುವುದು ಮಕ್ಕಳಷ್ಟೇ ಅಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಇಲ್ಲಿಂದ ಉತ್ತರಕ್ಕೆ ಅಶೋಕ ರಸ್ತೆ ಹಿಡಿದರೆ ಸಂತ ಫಿಲೋಮಿನಾ ಚರ್ಚು, ದಕ್ಷಿಣಕ್ಕೆ ಅರಮನೆ ಸುತ್ತಿಕೊಂಡು ಹೋದರೆ ಅಗ್ರಹಾರದ ಹಳೇ ಮನೆಗಳ ಬೀದಿಗಳು. ಯಾವ ಕಡೆ? ನಾನು ನೆರಳು ಎಲ್ಲಿದೆಯೋ ಆ ಕಡೆ ಹೋಗುತ್ತೇನೆ. ಅಗ್ರಹಾರದ ಕಡೆ ಹೋದರೆ ಜಗುಲಿ, ಮರದ ಕಂಬ, ಬಾಗಿಲಲ್ಲಿ ರಂಗೋಲಿ ಇರುವ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಜನ ವಾಸ ಮಾಡುವ ಮನೆಗಳವು, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕೇಳಿದರೆ ಎಷ್ಟೋ ಸಲ ಒಳಗೆ ಬನ್ನಿ ಅನ್ನುತ್ತಾರೆ.

ಬಿಸಿಲೇರಿದಾಗ ಒಂದು ಸೂರು

ಹನ್ನೆರಡರಿಂದ ಮೂರರವರೆಗೆ ಬೀದಿಯಲ್ಲಿ ಇರಬೇಡಿ. ನಿಮ್ಮ ಎರಡನೇ ಗೂಟ ಈಗ ಬೇಕಾಗುತ್ತದೆ. ಅರಮನೆಯನ್ನೇ ಆರಿಸಿಕೊಂಡಿದ್ದರೆ ಇದೇ ಹೊತ್ತು. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ನಕ್ಷೆಯಂತೆ ಈಗಿನದು 1912ಕ್ಕೆ ಮುಗಿಯಿತು ಎಂಬುದು ಶಾಲೆಯಲ್ಲೇ ಕೇಳಿರುತ್ತೀರಿ. ಒಳಗೆ ಜನರ ಸಾಲಿನ ಜೊತೆ ಕೊಚ್ಚಿಕೊಂಡು ಹೋಗದೆ ಒಂದು ಕಂಬದ ಪಕ್ಕ ನಿಂತು ನೆಲ, ಚಾವಣಿ, ಗಾಜು ಇವಿಷ್ಟನ್ನೇ ನೋಡಿ.

ನನಗೆ ಕೇಳಿದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆ ತೆರೆದಿದ್ದ ದಿನ ಅಲ್ಲಿಗೇ ಹೋಗಿ. ದೀಪ ಹಿಡಿದ ಹೆಣ್ಣುಮಗಳ ಚಿತ್ರ, ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ ಇದ್ದದ್ದು, ಅದರ ಮೂಲ ಅಲ್ಲಿದೆ. ರವಿವರ್ಮ ಬರೆದದ್ದೆಂದು ಅರ್ಧ ಜನ ಪಕ್ಕದವರಿಗೆ ವಿವರಿಸುತ್ತಿರುತ್ತಾರೆ. ಬರೆದವರು ಎಸ್.ಎಲ್. ಹಳದನಕರ್, ಮಾದರಿಯಾಗಿ ನಿಂತದ್ದು ಅವರ ಮಗಳು. ಚಿತ್ರದಲ್ಲಿ ಅಂಗೈ ಮರೆಮಾಡಿದ ಜ್ವಾಲೆ ಕಾಣುವುದಿಲ್ಲ, ಬೆರಳ ಸಂದಿಯ ಕೆಂಪು ಮತ್ತು ಮುಖದ ಮೇಲಿನ ಹೊಳಪಷ್ಟೇ. ಜನ ಬಂದು ಹೋಗಲು ಬಿಟ್ಟು, ಕೋಣೆ ಖಾಲಿಯಾಗುವವರೆಗೆ ಕಾಯಿರಿ.

ಊಟಕ್ಕೆ ಹೆಚ್ಚು ಹೇಳುವುದಿಲ್ಲ. ಮಾಂಸ ತಿನ್ನುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಇದೆ, ಇಲ್ಲದವರಿಗೆ ಎಲೆ ಊಟದ ಹೋಟೆಲುಗಳು ತುಂಬಾ ಇವೆ. ಹೊಟ್ಟೆ ಬಿರಿಯ ತಿಂದರೆ ಮಧ್ಯಾಹ್ನ ಕೆಟ್ಟಿತು ಎಂದೇ ತಿಳಿಯಿರಿ. ಕರ್ಜನ್ ಪಾರ್ಕಿನ ಮರದಡಿ ಅರ್ಧ ಗಂಟೆ ಕಣ್ಣು ಮುಚ್ಚುವುದು ಈ ಕಾರ್ಯಕ್ರಮದ ಭಾಗವೇ, ಚೀಲವನ್ನು ತಲೆಯಡಿ ಇಟ್ಟುಕೊಳ್ಳಿ.

ಮಧ್ಯಾಹ್ನದ ಮೇಲೆ: ಕೊನೇ ಸ್ಟಾಪಿನ ಆಟ

ಇದು ನನ್ನ ಮೆಚ್ಚಿನ ಹೆಜ್ಜೆ. ಕೆ.ಆರ್. ಸರ್ಕಲ್ ಪಕ್ಕದ ಸಿಟಿ ಬಸ್ ನಿಲ್ದಾಣಕ್ಕೆ ಹೋಗಿ. ನೀವು ಹೆಸರೇ ಕೇಳದ ಬಡಾವಣೆಗೆ ಹೊರಟ, ಕಿಟಕಿ ಸೀಟು ಖಾಲಿ ಇರುವ ಬಸ್ಸು ಹತ್ತಿ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ "ಕೊನೇ ಸ್ಟಾಪು" ಅನ್ನಿ. ಒಂಥರಾ ನೋಡುತ್ತಾರೆ, ಟಿಕೆಟು ಕೊಡುತ್ತಾರೆ. ಅರಮನೆಯ ಮೈಸೂರು ಹತ್ತು ನಿಮಿಷಕ್ಕೆ ಮುಗಿದು, ಶಾಲೆ ಬಿಟ್ಟ ಮಕ್ಕಳು, ಸೊಪ್ಪಿನ ಗಾಡಿ, ಅರ್ಧ ಕಟ್ಟಿದ ಮನೆಗಳ ಮೈಸೂರು ಶುರುವಾಗುತ್ತದೆ. ಕೊನೆಯಲ್ಲಿ ಇಳಿದು ಒಂದು ಟೀ ಕುಡಿದು ಅದೇ ಬಸ್ಸಲ್ಲಿ ವಾಪಸ್ಸು ಬನ್ನಿ. ಡ್ರೈವರೂ ಅದೇ ಟೀ ಅಂಗಡಿಯಲ್ಲಿರುತ್ತಾರೆ, ಬಸ್ಸು ತಪ್ಪುವ ಭಯವಿಲ್ಲ. ಹೊರಡುವ ಮುಂಚೆ ಎಷ್ಟು ಹೊತ್ತಿಗೊಂದು ಬಸ್ಸಿದೆ ಎಂದು ಕೇಳಿಕೊಂಡರೆ ಒಳ್ಳೆಯದು.

ಅಷ್ಟು ಧೈರ್ಯ ಬರದಿದ್ದರೆ 201 ಹತ್ತಿ, ಅದು ಚಾಮುಂಡಿ ಬೆಟ್ಟಕ್ಕೆ. ಸಾವಿರ ಮೆಟ್ಟಿಲು ಹತ್ತುವುದು ಹರಕೆಯವರ ಕೆಲಸ, ನಾವು ಮೇಲಿಂದ ಕೆಳಗೆ ಇಳಿಯೋಣ. ದಾರಿಯಲ್ಲಿ ಒಂದೇ ಕಲ್ಲಿನ ದೊಡ್ಡ ನಂದಿ ಸಿಗುತ್ತದೆ. ಎದುರಿಗೆ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿಬರುವ ಹೆಂಗಸರು ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಇಳಿಯುವುದು ಸುಲಭವೆಂದು ಉಬ್ಬಬೇಡಿ, ಕೆಳಗೆ ಬರುವಷ್ಟರಲ್ಲಿ ಮಂಡಿ ತಕತಕ ಕುಣಿಯುತ್ತದೆ.

ಸಂಜೆ

ಭಾನುವಾರವಾದರೆ ಏಳಕ್ಕೆ ಹತ್ತು ನಿಮಿಷ ಮುಂಚೆ ಅರಮನೆ ಅಂಗಳದಲ್ಲಿರಿ. ಹತ್ತಿರತ್ತಿರ ಒಂದು ಲಕ್ಷ ಬಲ್ಬು. ನಾನು ದೀಪ ಹತ್ತುವ ಕ್ಷಣದಲ್ಲಿ ಅರಮನೆಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಕತ್ತಲಲ್ಲಿ ಕಾಣದಿದ್ದ ಸಾವಿರ ಮುಖಗಳು ಒಟ್ಟಿಗೇ ಹಳದಿಯಾಗಿ, ಎಲ್ಲರ ಬಾಯಿಂದ ಒಂದು "ಹೋ" ಹೊರಡುತ್ತದೆ. ಆಮೇಲೆ ತಿರುಗಿ ನೋಡಲು ಬೇಕಾದಷ್ಟು ಹೊತ್ತಿದೆ.

ಬೇರೆ ದಿನವಾದರೆ ಕಾಲು ನೋಯುವವರೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಓಡಾಡಿ. ಕೊಳ್ಳುವುದನ್ನೆಲ್ಲ ಈಗ ಕೊಳ್ಳಬೇಕು, ಬೆಳಿಗ್ಗೆಯೇ ಕೊಂಡರೆ ದಿನವಿಡೀ ಹೊರಬೇಕಾಗುತ್ತಿತ್ತು. ಮೈಸೂರ್‌ಪಾಕಿಗೆ ಮಾರುಕಟ್ಟೆ ಸಾಲಿನ ಗುರು ಸ್ವೀಟ್ಸ್ ಇದೆ. ಅರಮನೆ ಅಡುಗೆಮನೆಯಲ್ಲಿ ಮೊದಲು ಅದನ್ನು ಮಾಡಿದ ಕಾಕಾಸುರ ಮಾದಪ್ಪನವರ ವಂಶದವರದ್ದೇ ಅಂಗಡಿ. ತುಪ್ಪ ಕಾಗದಕ್ಕೆ ಇಳಿಯುತ್ತದೆ, ಬಟ್ಟೆಗೆ ತಾಗದಂತೆ ಹಿಡಿಯಿರಿ.

ಹೂವು ಕಟ್ಟಕಡೆಗೆ. ಅವತ್ತು ನಾನು ಮತ್ತೆ ಒಳಗೆ ಹೋದಾಗ ಹೂವಿನಾಕೆಯ ಬುಟ್ಟಿ ತಳ ಕಂಡಿತ್ತು. "ಬರ್ತೀಯೋ ಇಲ್ವೋ ಅಂತ ಒಂದು ಮಾರು ಎತ್ತಿಟ್ಟಿದ್ದೆ" ಅಂತ ಒದ್ದೆ ಗೋಣಿಯಡಿಯಿಂದ ತೆಗೆದು, ತನ್ನ ಕೈಯಲ್ಲೇ ಅಳೆದು, ತುದಿಗೆ ಒಂದು ಗೇಣು ಸೇರಿಸಿ ಕತ್ತರಿಸಿದರು. ಬಾಳೆಎಲೆಯಲ್ಲಿ ಸುತ್ತಿಸಿಕೊಳ್ಳಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕಪ್ಪಾಗುತ್ತದೆ. ರೈಲಿನಲ್ಲಿ ಯಾರೂ ಮೇಲೆ ಚೀಲ ಹೇರದ ಜಾಗ ನೋಡಿ ಇಡಿ. ಬಚ್ಚಿಡುವ ಪ್ರಯತ್ನ ಬೇಡ, ನಾಗನಹಳ್ಳಿ ದಾಟುವಷ್ಟರಲ್ಲಿ ನಿಮ್ಮ ಹತ್ತಿರ ಮಲ್ಲಿಗೆ ಇದೆ ಎಂದು ಇಡೀ ಬೋಗಿಗೆ ಗೊತ್ತಾಗಿರುತ್ತದೆ.